ಎರಡು ಪ್ರತಿ ಜಗಳಕ್ಕೆ ನಿಂತಾಗ

ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ನೌಕರಿಯಲ್ಲಿದ್ದಷ್ಟು ಕಾಲ ನಾನು ಒಂದು ಸರ್ವರನ್ನೂ ಮುಟ್ಟಿ ನೋಡಿದವನಲ್ಲ. ಅವು ಎಲ್ಲೋ ಇದ್ದವು, ತಂಪಾಗಿದ್ದವು, ಯಾರೋ ಸಾಕುತ್ತಿದ್ದರು. 2014ರಲ್ಲಿ ರಾಯಚೂರಿಗೆ ಮರಳಿ, ಶಾಲೆ-ಕಾಲೇಜು ನಡೆಸುವ ಒಂದು ಸಂಸ್ಥೆಗೆ ಸೇರಿದಾಗ ಕೈಗೆ ಬಂದದ್ದು ಮೆಟ್ಟಿಲ ಕೆಳಗಿನ ಕೋಣೆಯೊಂದರ ಬೀಗದಕೈ. ಒಳಗೆ ಕಬ್ಬಿಣದ ರ‍್ಯಾಕು, ಅದರಲ್ಲಿ ಒಂದು ಸರ್ವರು, ಬ್ಯಾಟರಿ ಉಬ್ಬಿದ ಯುಪಿಎಸ್ಸು, ಮೂಲೆಯಲ್ಲಿ ಹಳೆಯ ಉತ್ತರಪತ್ರಿಕೆಗಳ ಗಂಟು. ಗೋಡೆಗೆ ಅಂಟಿಸಿದ ಚೀಟಿಯ ಮೇಲೆ ಎರಡು ಐಪಿ ಅಡ್ರೆಸ್ಸು: ಒಂದು ಇಲ್ಲಿಯದು, ಇನ್ನೊಂದು ದೇವದುರ್ಗದ್ದು.

ಸಂಸ್ಥೆಗೆ ದೇವದುರ್ಗದಲ್ಲೂ ಮಾನ್ವಿಯಲ್ಲೂ ಕಾಲೇಜಿತ್ತು. ಎರಡೂ ರಾಯಚೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು; ಒಂದು ಕೃಷ್ಣೆಯ ಕಡೆಗೆ, ಇನ್ನೊಂದು ತುಂಗಭದ್ರೆಯ ಕಡೆಗೆ. ಆಡಳಿತ ಮಂಡಳಿಯವರ ಬೇಡಿಕೆ ಒಂದೇ ಸಾಲಿನದು: ಒಂದೂರಲ್ಲಿ ಇಟ್ಟ ಫೈಲು ಮೂರೂರಲ್ಲೂ ಕಾಣಬೇಕು. ಹಾಜರಿ, ಆಂತರಿಕ ಅಂಕ, ಪ್ರವೇಶದ ಕಾಗದಗಳ ಸ್ಕ್ಯಾನು, ಪಾಠದ ವಿಡಿಯೋ ಎಲ್ಲವೂ. ನನಗಿಂತ ಮುಂಚೆ ಇದ್ದವರು ಇದಕ್ಕೆ ಗ್ಲಸ್ಟರ್ ಎಫ್‌ಎಸ್ ಹಾಕಿಟ್ಟು, ಚೀಟಿ ಅಂಟಿಸಿ ಹೋಗಿದ್ದರು.

ಗ್ಲಸ್ಟರ್ ಬೇರೆ ಬೇರೆ ಯಂತ್ರಗಳ ಡಿಸ್ಕುಗಳನ್ನು ಪೋಣಿಸಿ ಒಂದೇ ದೊಡ್ಡ ಫೋಲ್ಡರಿನಂತೆ ತೋರಿಸುತ್ತದೆ. ಪ್ರತಿ ಯಂತ್ರ ಕೊಟ್ಟ ಜಾಗಕ್ಕೆ ಬ್ರಿಕ್ ಎನ್ನುತ್ತಾರೆ, ಬ್ರಿಕ್ಕುಗಳು ಸೇರಿದರೆ ವಾಲ್ಯೂಮ್. ಯಾವ ಫೈಲು ಯಾವ ಬ್ರಿಕ್ಕಿನಲ್ಲಿದೆ ಎಂದು ಬರೆದಿಡುವ ದಫ್ತರು ಅದರಲ್ಲಿಲ್ಲ. ಫೈಲಿನ ಹೆಸರಿಗೇ ಒಂದು ಗಣಿತ ಹಾಕಿ ಜಾಗ ಕಂಡುಕೊಳ್ಳುತ್ತದೆ. ದಫ್ತರು ಇಲ್ಲವೆಂದ ಮೇಲೆ ದಫ್ತರು ಸುಟ್ಟುಹೋಗುವ ಭಯವೂ ಇಲ್ಲ. ಇದರ ಹಿಂದಿನ ಕಂಪನಿಯನ್ನು 2005ರಲ್ಲಿ ಕಟ್ಟಿದವರಲ್ಲಿ ಒಬ್ಬರು ಆನಂದ್ ಬಾಬು ಪೆರಿಯಸಾಮಿ. ಕಂಪನಿಯ ವಿಳಾಸ ಕ್ಯಾಲಿಫೋರ್ನಿಯಾದ್ದಾದರೂ ಕೋಡ್ ಬರೆಯುವ ಕೆಲಸ ಬಹಳಷ್ಟು ನಡೆದದ್ದು ಬೆಂಗಳೂರಿನಲ್ಲಿ. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಅದನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡುಕೊಂಡಿತು. ನಾನು ಬೆಂಗಳೂರಿನಲ್ಲಿದ್ದಾಗ ಅದನ್ನು ಬರೆಯುತ್ತಿದ್ದವರೂ ಅದೇ ಊರಲ್ಲಿ, ಬಹುಶಃ ಅದೇ ಬಸ್ಸಿನಲ್ಲಿ ಓಡಾಡುತ್ತಿದ್ದರು. ನಾನದನ್ನು ಕಲಿತದ್ದು ಮಾತ್ರ ರಾಯಚೂರಿನ ಈ ಮೆಟ್ಟಿಲ ಕೆಳಗೆ.

ಕಲಿತದ್ದೂ ಕಪ್ಪು ಪರದೆಯ ಮೇಲೆಯೇ. ಬಣ್ಣಬಣ್ಣದ ಗ್ರಾಫು ತೋರಿಸುವ ಸಾಧನಗಳಿದ್ದವು ನಿಜ, ಆದರೆ ನಮ್ಮ ಲೈನಿನ ಮೇಲೆ ಆ ಪುಟ ಪೂರ್ತಿ ತೆರೆದುಕೊಳ್ಳುವುದರೊಳಗೆ ಚಹಾ ಕುಡಿದು ಬರಬಹುದಿತ್ತು. ಎಸ್‌ಎಸ್‌ಎಚ್ ಹಾಗಲ್ಲ. ದೂರದ ಯಂತ್ರದೊಳಗೆ ಹೊಕ್ಕು ಆಜ್ಞೆ ಕೊಡುವ ದಾರಿ ಅದು; ಕಳಿಸುವುದೂ ಅಕ್ಷರ, ಬರುವುದೂ ಅಕ್ಷರ. ಮಾನ್ವಿಯ ನಮ್ಮ ಮನೆಯ ಮಾಳಿಗೆ ಮೇಲೆ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಸಿಕ್ಕರೆ ಸಾಕು, ರಾಯಚೂರಿನ ಯಂತ್ರದೊಳಗೆ ಕೂತಂತೆಯೇ. ಮೊದಲು ‘ಸ್ಕ್ರೀನ್’ ಎಂದು ಟೈಪಿಸಿ ಆಮೇಲೆ ಕೆಲಸ ಶುರುಮಾಡುವುದು ರೂಢಿಯಾಯಿತು. ನಡುವೆ ಸಿಗ್ನಲ್ ಹೋದರೂ ಆ ಕಡೆ ಕೆಲಸ ನಿಲ್ಲುವುದಿಲ್ಲ. ಮತ್ತೆ ಹೊಕ್ಕರೆ ಬಿಟ್ಟಲ್ಲಿಂದಲೇ ಕಾಣುತ್ತದೆ. ಬೆಳಿಗ್ಗೆ ಎದ್ದು ‘ಗ್ಲಸ್ಟರ್ ಪೀರ್ ಸ್ಟೇಟಸ್’ ಕೊಟ್ಟು, ದೇವದುರ್ಗದ ಮುಂದೆ ‘ಕನೆಕ್ಟೆಡ್’ ಎಂದು ಕಂಡರೆ ಮಾತ್ರ ನನಗೆ ತಿಂಡಿ ಸೇರುತ್ತಿತ್ತು.

ಆದರೆ ಈ ಏರ್ಪಾಟು ಮೊದಲಿನಿಂದಲೂ ನಿಧಾನ. ಗ್ಲಸ್ಟರಿನಲ್ಲಿ ಫೈಲು ಬರೆಯುವವನ ಯಂತ್ರ ಎಲ್ಲ ಪ್ರತಿಗಳಿಗೂ ಒಟ್ಟಿಗೇ ಬರೆಯುತ್ತದೆ, ಎಲ್ಲರಿಂದಲೂ ‘ಆಯಿತು’ ಎಂಬ ಉತ್ತರಕ್ಕೆ ಕಾಯುತ್ತದೆ. ಓದುವುದಕ್ಕೆ ಮುಂಚೆ ಹೆಸರು ಹುಡುಕುವಾಗಲೂ ಎಲ್ಲ ಪ್ರತಿಗಳನ್ನೂ ಕೇಳುತ್ತದೆ. ಒಂದೇ ಕೋಣೆಯೊಳಗೆ ಇದು ಗೊತ್ತೇ ಆಗುವುದಿಲ್ಲ. ಐವತ್ತು ಕಿಲೋಮೀಟರ್ ದೂರದ ಸಾಧಾರಣ ಬ್ರಾಡ್‌ಬ್ಯಾಂಡ್ ಮೇಲೆ, ಸಾವಿರ ಫೋಟೋ ಇರುವ ಫೋಲ್ಡರ್ ತೆರೆದರೆ ಗೊತ್ತಾಗುತ್ತದೆ. ಮಾನ್ವಿಯಲ್ಲಿ ಬ್ರಿಕ್ಕೇ ಇರಲಿಲ್ಲ, ಅಲ್ಲಿಯವರು ಪ್ರತಿಯೊಂದಕ್ಕೂ ರಾಯಚೂರು-ದೇವದುರ್ಗ ಎರಡನ್ನೂ ಕಾಯಬೇಕು. ಅಲ್ಲಿಯ ಕಚೇರಿಯ ಗುಮಾಸ್ತರು ಒಮ್ಮೆ ಫೋನ್ ಮಾಡಿ, ‘ಎಡದಂಡಿ ಕಾಲುವಿ ಕೊನಿಭಾಗ ಅಂತ ನೀರು ಬರಂಗಿಲ್ಲ, ಇನ್ನ ಫೈಲೂ ಬರಂಗಿಲ್ಲೇನ್ರಿ?’ ಎಂದರು. ತುಂಗಭದ್ರಾ ಕಾಲುವೆಯ ಬಾಲದ ತುದಿಯ ಹೊಲದವರು ಅವರು; ಮೇಲಿನವರು ಮುಗಿಸುವತನಕ ಕಾಯುವುದೆಂದರೇನು ಎಂದು ಅವರಿಗೆ ನಾನು ಹೇಳಿಕೊಡಬೇಕಿರಲಿಲ್ಲ.

ನಿಧಾನವನ್ನಾದರೂ ಸಹಿಸಬಹುದು. ಎರಡೇ ಪ್ರತಿ ಇಟ್ಟದ್ದು ದೊಡ್ಡ ಅಪಾಯ.

2016ರ ಮಳೆಗಾಲ. ಗಬ್ಬೂರಿನ ಆಚೆ ರಸ್ತೆ ಅಗೆಯುವ ಯಂತ್ರವೊಂದು ಕೇಬಲ್ಲನ್ನೂ ಅಗೆದು ಹಾಕಿತು. ದೇವದುರ್ಗ ಒಂಟಿಯಾಯಿತು. ಅಲ್ಲಿಯವರಿಗೆ ಅದು ಗೊತ್ತಾಗಲಿಲ್ಲ. ಅವರ ಬ್ರಿಕ್ ಅವರ ಎದುರಿಗೇ ಇತ್ತು, ಫೋಲ್ಡರ್ ತೆರೆಯುತ್ತಿತ್ತು, ಅದೂ ಎಂದಿಗಿಂತ ಬೇಗ. ಆಂತರಿಕ ಅಂಕಗಳ ಎಕ್ಸೆಲ್ ಫೈಲಿನಲ್ಲಿ ಅವರು ತಮ್ಮ ವಿದ್ಯಾರ್ಥಿಗಳ ಅಂಕ ತುಂಬಿದರು. ಅದೇ ಹೊತ್ತಿಗೆ ರಾಯಚೂರಿನವರು ತಮ್ಮ ಬ್ರಿಕ್ಕಿನ ಮೇಲೆ ಅದೇ ಫೈಲು ತೆರೆದು ತಮ್ಮವರ ಅಂಕ ತುಂಬಿದರು. ಕೇಬಲ್ ಕೂಡಿಸಿದ ಮೇಲೆ ಆ ಫೈಲನ್ನು ಯಾರು ತೆರೆದರೂ ಒಂದೇ ಉತ್ತರ: ‘ಇನ್‌ಪುಟ್/ಔಟ್‌ಪುಟ್ ಎರರ್’. ದೇವದುರ್ಗದ ಕಚೇರಿಯ ಹೆಣ್ಣುಮಗಳು ಫೋನಿನಲ್ಲಿ, ‘ಸರ, ಹುಡುಗ್ರ ನಂಬರೆಲ್ಲಾ ಹೋಗ್ಯಾವ್ರಿ’ ಎಂದರು.

ಹೋಗಿರಲಿಲ್ಲ. ಎರಡೆರಡು ಇದ್ದವು, ಅದೇ ತೊಂದರೆ. ಇದಕ್ಕೆ ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ. ‘ವಾಲ್ಯೂಮ್ ಹೀಲ್ ಇನ್ಫೋ ಸ್ಪ್ಲಿಟ್-ಬ್ರೇನ್’ ಕೊಟ್ಟರೆ ಆ ಫೈಲಿನ ಹೆಸರು ಎರಡೂ ಬ್ರಿಕ್ಕಿನ ಕೆಳಗೆ ಬಂತು. ಒಳಗೆ ಇಳಿದು ‘ಗೆಟ್‌ಎಫ್‌ಆಟರ್’ ಎಂಬ ಆಜ್ಞೆಯಿಂದ ಎರಡೂ ಪ್ರತಿಗಳ ಬೆನ್ನಿಗೆ ಅಂಟಿಸಿದ ಗುಪ್ತ ಟಿಪ್ಪಣಿ ಓದಿದೆ. ಪ್ರತಿ ಪ್ರತಿಯೂ ತನ್ನ ಜೋಡಿಯ ಬಗ್ಗೆ 24 ಅಂಕಿಯ ಒಂದು ಸಾಲು ಇಟ್ಟುಕೊಂಡಿರುತ್ತದೆ: ಮೊದಲ ಎಂಟು ಫೈಲಿನ ಒಡಲಿನದು, ನಡುವಿನ ಎಂಟು ಅದರ ಒಡೆಯ, ಅನುಮತಿ ಮುಂತಾದವುಗಳದು, ಕೊನೆಯ ಎಂಟು ಫೋಲ್ಡರಿನ ನಮೂದುಗಳದು. ಎಲ್ಲ ಸೊನ್ನೆಯಾಗಿದ್ದರೆ ಇಬ್ಬರೂ ಒಂದು. ಅಲ್ಲಿ ಸೊನ್ನೆ ಇರಲಿಲ್ಲ. ದೇವದುರ್ಗಕ್ಕೆ ಇಷ್ಟು ಬರಹ ತಲುಪಿಲ್ಲ ಎಂದು ರಾಯಚೂರಿನ ಪ್ರತಿ ದೂರು ಬರೆದಿತ್ತು. ರಾಯಚೂರಿಗೆ ಇಷ್ಟು ತಲುಪಿಲ್ಲ ಎಂದು ದೇವದುರ್ಗದ್ದು. ಇಬ್ಬರ ದೂರೂ ಖರೆ.

ಈ ಜಗಳ ಬಿಡಿಸಲು ಗ್ಲಸ್ಟರ್ ಮೂರು ದಾರಿ ಕೊಡುತ್ತದೆ. ದೊಡ್ಡ ಫೈಲೇ ಸರಿ ಎನ್ನಬಹುದು. ಕೊನೆಗೆ ತಿದ್ದಿದ್ದೇ ಸರಿ ಎನ್ನಬಹುದು. ಇಲ್ಲವೇ ಇಂಥ ಬ್ರಿಕ್ಕಿನದೇ ಸರಿ ಎಂದು ನಾವೇ ಬೆರಳು ಮಾಡಿ ತೋರಿಸಬಹುದು. ಮೊದಲೆರಡಕ್ಕೆ ತಲೆ ಓಡಿಸಬೇಕಿಲ್ಲ, ಒಂದು ಸಾಲು ಟೈಪಿಸಿದರಾಯಿತು. ನೋಡಿದರೆ, ರಾಯಚೂರಿನ ಪ್ರತಿ ದೊಡ್ಡದಿತ್ತು, ಯಾಕೆಂದರೆ ಯಾರೋ ಹಾಳೆಯ ನೆತ್ತಿಗೆ ಸಂಸ್ಥೆಯ ಲಾಂಛನ ಅಂಟಿಸಿದ್ದರು. ಕೊನೆಗೆ ತಿದ್ದಿದ್ದೂ ರಾಯಚೂರಿನದೇ ಎಂದು ಕಾಣುತ್ತಿತ್ತು, ಯಾಕೆಂದರೆ ದೇವದುರ್ಗದ ಯಂತ್ರದ ಗಡಿಯಾರದ ಬ್ಯಾಟರಿ ಸತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದು ಹಳೆಯ ತಾರೀಖಿಗೆ ಜಾರುತ್ತಿತ್ತು. ಲೈನಿದ್ದರೆ ಹೊರಗಿನಿಂದ ಸಮಯ ತಂದು ಸರಿಮಾಡಿಕೊಳ್ಳುತ್ತಿತ್ತು, ಅವತ್ತು ಲೈನಿರಲಿಲ್ಲ. ಹೀಗೆ ದೇವದುರ್ಗದವರು ಆ ವಾರ ತುಂಬಿದ ಅಂಕಗಳು ಯಂತ್ರದ ಲೆಕ್ಕದಲ್ಲಿ ಯಾವುದೋ ಹಳೆಯ ವರ್ಷದ ಬರಹ. ಎರಡು ನಿಯಮಗಳಲ್ಲಿ ಯಾವುದನ್ನು ನಂಬಿದ್ದರೂ ಅವು ಅಳಿಸಿಹೋಗುತ್ತಿದ್ದವು.

ಎರಡೂ ಪ್ರತಿಗಳನ್ನು ಬ್ರಿಕ್ಕಿನಿಂದಲೇ ನೇರವಾಗಿ ಬೇರೆ ಕಡೆಗೆ ನಕಲು ಮಾಡಿಟ್ಟುಕೊಂಡು ಆ ಹೆಣ್ಣುಮಗಳಿಗೆ ಫೋನ್ ಮಾಡಿದೆ. ಅವರ ಹತ್ತಿರ ಕಾಗದದ ರಿಜಿಸ್ಟರ್ ಇತ್ತು. ನಾನು ರೋಲ್ ನಂಬರ್ ಓದುವುದು, ಅವರು ಅಂಕ ಹೇಳುವುದು. ಒಂದು ಕಡೆ ರಾಯಚೂರಿನ ಪ್ರತಿಯಲ್ಲಿ ಸೊನ್ನೆ, ದೇವದುರ್ಗದ್ದರಲ್ಲಿ ಖಾಲಿ. ಯಾವುದು ಸರಿ ಎಂದು ಕೇಳಿದೆ. ‘ಖಾಲಿನೇ ಇರ್ಲಿ ಸರ. ಆ ಹುಡುಗಿ ಮದಿವ್ಯಾಗಿ ಹೋದ್ಳು, ಪರೀಕ್ಷಿಗೇ ಕೂತಿಲ್ಲ. ಸೊನ್ನಿ ಹಾಕಿದ್ರ ಫೇಲಾದ್ಳು ಅಂತಾರ.’ ಇದನ್ನು ಯಾವ ಬ್ರಿಕ್ಕು ಹೇಳೀತು? ದೇವದುರ್ಗದ ಬ್ರಿಕ್ಕಿಗೆ ಬೆರಳು ಮಾಡಿದೆ, ‘ಸೋರ್ಸ್-ಬ್ರಿಕ್’ ಎಂದು ಟೈಪಿಸಿದೆ, ಫೈಲು ಒಂದಾಯಿತು. ರಾಯಚೂರಿನವರ ಸಾಲುಗಳನ್ನು ನಕಲಿನಿಂದ ತೆಗೆದು ಮತ್ತೆ ಸೇರಿಸಿದೆವು. ಲಾಂಛನವನ್ನು ಮಾತ್ರ ಯಾರೂ ಮತ್ತೆ ಅಂಟಿಸಲಿಲ್ಲ.

ಆ ದಿನಗಳಲ್ಲಿ ನಮ್ಮ ಕನ್ನಡ ವಿಭಾಗದ ಮೇಷ್ಟ್ರೊಬ್ಬರು ಮಾನ್ವಿ ಸುತ್ತಿನ ಮನೆಗಳಿಂದ ದಾಸರ ಪದಗಳ ಕೈಬರಹದ ವಹಿಗಳನ್ನು ತಂದು ಸ್ಕ್ಯಾನ್ ಮಾಡಿಸುತ್ತಿದ್ದರು. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಬ್ಯಾಗವಾಟ ಎರಡೂ ಮಾನ್ವಿ ಸೀಮೆಯವು, ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಹೀಗಾಗಿ ಇಲ್ಲಿಯ ಹಳೆಯ ಮನೆಗಳಲ್ಲಿ ಇಂಥ ವಹಿಗಳು ಸಿಗುತ್ತವೆ. ಒಂದೇ ಪದ ಮೂರು ಮನೆಯ ವಹಿಯಲ್ಲಿ ಸಿಕ್ಕರೆ ಎಲ್ಲೋ ಒಂದು ಸಾಲು ಬೇರೆ ಇರುತ್ತಿತ್ತು. ಅವರು ಮೂರನ್ನೂ ಇಡುತ್ತಿದ್ದರು, ಯಾವುದು ಯಾರ ಮನೆಯದು ಎಂಬ ಟಿಪ್ಪಣಿಯ ಜೊತೆಗೆ. ಡಿಸ್ಕು ತುಂಬುತ್ತದೆ ಸರ್, ಒಂದನ್ನು ಆರಿಸಿ ಎಂದೆ. ಅದಕ್ಕವರು ಮಸ್ಕಿಯ ಮಾತು ತೆಗೆದರು.

ಮಸ್ಕಿ ನಮ್ಮ ಜಿಲ್ಲೆಯದೇ. ಅಲ್ಲಿಯ ಬಂಡೆಯ ಮೇಲಿನ ಶಾಸನ ಪತ್ತೆಯಾದದ್ದು 1915ರಲ್ಲಿ. ಅದೊಂದು ಕಿರುಶಾಸನ, ಅದರ ಒಕ್ಕಣೆ ದೇಶದ ಹಲವು ಬಂಡೆಗಳ ಮೇಲಿದೆ. ಪಕ್ಕದ ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ, ಚಿತ್ರದುರ್ಗದ ಕಡೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ. ಅಷ್ಟರವರೆಗೆ ಸಿಕ್ಕ ಪ್ರತಿಗಳಲ್ಲಿ ಅರಸನಿಗೆ ‘ದೇವಾನಾಂಪಿಯ’ ಎಂಬ ಬಿರುದು ಮಾತ್ರ. ಮಸ್ಕಿಯದರಲ್ಲಿ ಅಶೋಕ ಎಂಬ ಹೆಸರಿತ್ತು. ದೇವಾನಾಂಪಿಯ ಎಂದರೆ ಅಶೋಕನೇ ಎಂಬುದು ಗಟ್ಟಿಯಾದದ್ದು ಈ ಒಂದು ಪ್ರತಿಯಿಂದ. ಅದೇ ಹೆಸರಿರುವ ನಿಟ್ಟೂರು, ಉದೇಗೊಳದ ಶಾಸನಗಳು ಬೆಳಕಿಗೆ ಬಂದದ್ದು ಆಮೇಲೆ. ‘ನಿಮ್ಮ ಮಷೀನಿನಂಗ ಹೆಚ್ಚು ಮಂದಿ ಹೇಳಿದ್ದೇ ಖರೆ ಅಂದಿದ್ರ, ಮಸ್ಕಿಯವರು ತಪ್ಪು ಕೆತ್ಯಾರ ಅಂತ ತಿದ್ದಿ ಒಗೀತಿದ್ರಿ’ ಎಂದರು ಮೇಷ್ಟ್ರು. ಅವರ ವಹಿಗಳಿಗೆ ಹೊಸ ಡಿಸ್ಕು ತರಿಸಿದೆ.

ಮೇಷ್ಟ್ರ ಮಾತಿಗೆ ನನ್ನದೊಂದು ತಿದ್ದುಪಡಿ ಇದೆ. ಯಂತ್ರದ ಬಹುಮತಕ್ಕೆ, ಎಂದರೆ ಕೋರಂಗೆ, ಸತ್ಯದ ಗೊಡವೆ ಇಲ್ಲ. ಈಗ ಬರೆಯುವ ಹಕ್ಕು ಯಾರಿಗೆ ಎಂದಷ್ಟೇ ಅದು ತೀರ್ಮಾನಿಸುತ್ತದೆ. ಮೂರರಲ್ಲಿ ಎರಡು ಒಟ್ಟಿಗಿದ್ದರೆ ಬರೆಯಬಹುದು, ಒಂಟಿಯಾದದ್ದು ಸುಮ್ಮನಿರಬೇಕು. ಎರಡೇ ಇದ್ದಾಗ ಬಹುಮತ ಎಂಬುದೇ ಇಲ್ಲ, ನಮ್ಮಲ್ಲಿ ಆದದ್ದು ಅದು. 2015ರ 3.7 ಆವೃತ್ತಿಯಲ್ಲಿ ಗ್ಲಸ್ಟರಿಗೆ ಆರ್ಬಿಟರ್ ಎಂಬ ಮೂರನೆಯವನು ಬಂದಿದ್ದ. ಅವನು ಫೈಲಿನ ಒಡಲು ಇಟ್ಟುಕೊಳ್ಳುವುದಿಲ್ಲ. ಹೆಸರು, ಲಕ್ಷಣ, ಯಾರು ಹಿಂದೆ ಬಿದ್ದಿದ್ದಾರೆ ಎಂಬ ಟಿಪ್ಪಣಿ ಇಷ್ಟೇ. ಹಾಗಾಗಿ ದೊಡ್ಡ ಡಿಸ್ಕು ಬೇಡ. ಮಾನ್ವಿಯ ಕಚೇರಿಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ‘ಆ್ಯಡ್-ಬ್ರಿಕ್’ನಿಂದ ಅದನ್ನೇ ಮೂರನೆಯವನನ್ನಾಗಿ ಸೇರಿಸಿದೆ. ಮಾನ್ವಿಯ ಗುಮಾಸ್ತರಿಗೆ ಇದರಿಂದ ಫೈಲೇನೂ ಬೇಗ ಬರಲಿಲ್ಲ, ಆದರೆ ತಮ್ಮ ಮೇಜಿನ ಕೆಳಗಿನ ಪೆಟ್ಟಿಗೆ ಇಲ್ಲದಿದ್ದರೆ ಉಳಿದಿಬ್ಬರ ಜಗಳ ಹರಿಯುವುದಿಲ್ಲ ಎಂಬುದು ಅವರಿಗೆ ಬಹಳ ಹಿಡಿಸಿತು.

ದೇವದುರ್ಗದವರಿಗೆ ಹಿಡಿಸಲಿಲ್ಲ. ಮುಂದಿನ ಸಲ ಲೈನು ಹೋದಾಗ ಫೈಲು ಉಳಿಸಲು ಹೋದರೆ ಯಂತ್ರ ಒಲ್ಲೆ ಎಂದಿತು. ‘ಮೊದ್ಲಾದ್ರ ಕೆಲಸ ಆಗ್ತಿತ್ರಿ’ ಎಂದರು. ಆಗುತ್ತಿತ್ತು, ಮುಂದಿನ ವಾರ ಯಾರದೋ ಅಂಕ ಅಳಿಸುವ ಹಾಗೆ. ಬರೆಯಲಾರೆ ಎಂದು ಮುಖಕ್ಕೆ ಹೇಳುವ ಯಂತ್ರವೇ ಮೇಲು, ಬರೆದಂತೆ ಮಾಡಿ ಆಮೇಲೆ ಕೈಕೊಡುವುದಕ್ಕಿಂತ. ಅವರು ಅವತ್ತು ಕಾಗದದ ಮೇಲೆ ಬರೆದಿಟ್ಟು ಲೈನು ಬಂದ ಮೇಲೆ ತುಂಬಿದರು.

ಹೆಸರುಗಳ ಫಜೀತಿ ಬೇರೆ. ಮೇಷ್ಟ್ರ ಫೋಲ್ಡರುಗಳಿಗೆ ಕನ್ನಡದ ಹೆಸರು. ಒಮ್ಮೆ ‘ಎಲ್‌ಎಸ್’ ಕೊಟ್ಟು ಪಟ್ಟಿ ನೋಡಿದರೆ ‘ದೇವದುರ್ಗ’ ಎಂಬ ಫೋಲ್ಡರ್ ಎರಡು ಸಲ ಕಂಡಿತು, ಅಕ್ಷರ ಅಕ್ಷರವೂ ಒಂದೇ. ಒಂದೇ ಹೆಸರಿನ ಎರಡು ಫೋಲ್ಡರ್ ಒಂದೇ ಜಾಗದಲ್ಲಿ ಇರಲು ಸಾಧ್ಯವಿಲ್ಲ. ಒಳಗಿನ ಸಂಕೇತ ತೆಗೆದು ನೋಡಿದರೆ, ಒಂದರಲ್ಲಿ ‘ದೇ’ಯ ಏತ್ವ ಒಂದೇ ಸಂಕೇತವಾಗಿತ್ತು, ಇನ್ನೊಂದರಲ್ಲಿ ಎತ್ವ ಬೇರೆ, ದೀರ್ಘ ಬೇರೆ. ಯೂನಿಕೋಡಿನಲ್ಲಿ ಎರಡಕ್ಕೂ ಅವಕಾಶವಿದೆ, ಕಣ್ಣಿಗೆ ಭೇದವಿಲ್ಲ. ಹೆಸರಿಗೆ ಗಣಿತ ಹಾಕಿ ಜಾಗ ಹುಡುಕುವ ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಊರು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿ ಬಂದ ಹೆಸರುಗಳಂತೂ ಕಪ್ಪು ಪರದೆಯ ಮೇಲೆ ಬರೀ ಕಸ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಪುಟ್ಟ ಸ್ಕ್ರಿಪ್ಟ್ ಬರೆದೆ. ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ಬೇರೆಯವರು ಕೇಳಿ ಪಡೆದದ್ದು ಅದೊಂದೇ.

ಲೈನಿನ ಕಾಟ ತಾಳಲಾರದೆ ಕೊನೆಗೆ ಮುಖ್ಯ ಬ್ರಿಕ್ಕುಗಳನ್ನೆಲ್ಲ ರಾಯಚೂರಿನ ಒಂದೇ ಕೋಣೆಗೆ ತಂದೆವು. ದೇವದುರ್ಗಕ್ಕೆ ಜಿಯೋ-ರೆಪ್ಲಿಕೇಶನ್ ಹಾಕಿದೆವು. ಅದು ಕಾಯುವುದಿಲ್ಲ, ಇಲ್ಲಿ ಬದಲಾದದ್ದನ್ನು ಗುರುತು ಹಾಕಿಕೊಂಡು ಲೈನು ಸಿಕ್ಕಾಗ ಅಲ್ಲಿಗೆ ಮುಟ್ಟಿಸುತ್ತದೆ. ನಾಲ್ಕು ನಿಮಿಷ ಹಿಂದೆ ಬಿದ್ದರೂ ನಮಗೆ ನಡೆಯುತ್ತದೆ. ಮೊದಲೇ ಹೀಗೆ ಮಾಡಬೇಕಿತ್ತು ಎಂದು ಪುಸ್ತಕ ಓದಿದವರು ಹೇಳಿಯಾರು. ಖರೆ, ಆದರೆ ಮೊದಲಿನ ದಿನಗಳಲ್ಲಿ ದುಡ್ಡು ಕೊಟ್ಟದ್ದು ಒಂದು ಊರಿಗೆ ಒಂದು ಯಂತ್ರಕ್ಕೆ.

ಮೇ ತಿಂಗಳು ಈ ಕೋಣೆಗೆ ಶತ್ರು. ಶಕ್ತಿನಗರದ ಸ್ಥಾವರ 1985ರಿಂದ ಕರೆಂಟು ಹುಟ್ಟಿಸುತ್ತಿದೆ, ಎಂಟು ಘಟಕ ಸೇರಿ 1720 ಮೆಗಾವ್ಯಾಟ್. ಅದರ ಹೊಗೆಗೊಳವೆ ಕಾಣುವಷ್ಟು ಹತ್ತಿರದ ನಮಗೆ ಮಧ್ಯಾಹ್ನ ಕರೆಂಟಿರುವುದಿಲ್ಲ. ಎಸಿ ನಿಂತರೆ ಅರ್ಧ ತಾಸಿಗೆ ಡಿಸ್ಕುಗಳು ಮುಟ್ಟಲಾರದಷ್ಟು ಬಿಸಿ. ಅಂಥದೊಂದು ಮೇನಲ್ಲಿ ಒಂದು ಡಿಸ್ಕು ಸತ್ತಿತು. ಹೊಸದು ಹಾಕಿ, ‘ರಿಪ್ಲೇಸ್-ಬ್ರಿಕ್’ ಕೊಟ್ಟು, ಒಳ್ಳೆಯ ಪ್ರತಿಯಿಂದ ಅದನ್ನು ತುಂಬಲು ‘ಹೀಲ್ ಫುಲ್’ ಎಂದಮೇಲೆ ನನ್ನ ಕೆಲಸ ಮುಗಿಯಿತು, ಕಾಯುವುದು ಶುರುವಾಯಿತು. ‘ಹೀಲ್ ಇನ್ಫೋ’ ಕೇಳಿದಾಗೊಮ್ಮೆ ಬಾಕಿ ಉಳಿದ ಫೈಲುಗಳ ಸಂಖ್ಯೆ ಬರುತ್ತದೆ. ಇಳಿಯುತ್ತದೆ, ನಿಲ್ಲುತ್ತದೆ, ಒಮ್ಮೊಮ್ಮೆ ಏರುತ್ತದೆ, ಯಾಕೆಂದರೆ ಈ ನಡುವೆ ಜನ ಹೊಸದನ್ನು ಬರೆಯುತ್ತಲೇ ಇರುತ್ತಾರೆ. ಆಡಳಿತ ಮಂಡಳಿಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು ಪರದೆ ನೋಡಿ, ‘ಏನೂ ನಡೀವಲ್ದಲ್ಲ, ಒಂದ್ಸಲ ಎಲ್ಲಾ ಆಫ್ ಮಾಡಿ ಆನ್ ಮಾಡ್ರಿ’ ಎಂದರು. ಆ ಹೊತ್ತಿನಲ್ಲಿ ಇನ್ನೊಂದು ಯಂತ್ರವನ್ನು ಆಫ್ ಮಾಡುವುದೆಂದರೆ ಒಂಟಿಯಾಗಿ ಉಳಿದ ಒಳ್ಳೆಯ ಪ್ರತಿಯನ್ನೂ ಪಣಕ್ಕೊಡ್ಡಿದಂತೆ. ‘ನಡ್ದದರಿ, ನಿಮಗ ಕಾಣವಲ್ದು’ ಎಂದು ಹೇಳಿ ಕುರ್ಚಿ ಹಾಕಿ ಕೂರಿಸಿದೆ. ಕೆಲಸವಿಲ್ಲದಂತೆ ಕಾಣುತ್ತ ಕೂರುವುದು ಈ ಉದ್ಯೋಗದ ಅತಿ ಕಷ್ಟದ ಕೆಲಸ, ಅದಕ್ಕೆ ಸಂಬಳ ಕೊಡಿಸಿಕೊಳ್ಳುವುದು ಅದಕ್ಕಿಂತ ಕಷ್ಟ.

ಇನ್ನೊಂದನ್ನೂ ಹೇಳಬೇಕು. ಮೂರು ಪ್ರತಿ ಇದ್ದರೆ ಕಳೆದುಹೋಗುವುದಿಲ್ಲ ಎಂದು ಜನ ತಿಳಿದಿದ್ದಾರೆ. ಅಳಿಸಿದರೆ ಮೂರರಿಂದಲೂ ಒಂದೇ ಕ್ಷಣದಲ್ಲಿ ಅಳಿಸುತ್ತದೆ. ವಿಧೇಯತೆಯಲ್ಲಿ ಯಂತ್ರಕ್ಕೆ ಸಾಟಿಯಿಲ್ಲ. ಜಿಯೋ-ರೆಪ್ಲಿಕೇಶನ್ ಕೂಡ ಅಳಿಸಿದ ಸುದ್ದಿಯನ್ನು ನಾಲ್ಕು ನಿಮಿಷ ತಡವಾಗಿ ದೇವದುರ್ಗಕ್ಕೆ ಮುಟ್ಟಿಸುತ್ತದೆ. ಡಿಸ್ಕು ಸಾಯುವುದಕ್ಕೆ ಮದ್ದು ಪ್ರತಿ, ಮನುಷ್ಯನ ಬೆರಳಿಗೆ ಮದ್ದು ಅಲ್ಲ. ಅದಕ್ಕೆ ಬ್ಯಾಕಪ್ ಬೇರೆಯೇ ಬೇಕು: ಈ ಯಂತ್ರಗಳ ಗುಂಪಿನ ಹೊರಗೆ, ವೈರು ಕಿತ್ತು, ಕಪಾಟಿನಲ್ಲಿ.

ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನಕ್ಕೆ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು. ಅದಕ್ಕೂ ಮುಂಚೆಯೇ ನಾವು ಇಂಥದೇ ಇನ್ನೊಂದು ಏರ್ಪಾಟಾದ ಸೆಫ್ ಕಡೆಗೆ ಹೊರಳಿದ್ದೆವು. ಸೇಜ್ ವೈಲ್ ಸಾಂತಾಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವಾಗ ಹುಟ್ಟಿದ್ದು ಅದು. ಅವರ ಕಂಪನಿಯನ್ನೂ 2014ರಲ್ಲಿ ರೆಡ್ ಹ್ಯಾಟೇ ಕೊಂಡಿತ್ತು. ಸೆಫ್‌ಗೆ ಒಪ್ಪಿಗೆ ಕೊಡುವ ಮಾನಿಟರುಗಳೇ ಬೇರೆ, ಬೆಸ ಸಂಖ್ಯೆಯಲ್ಲಿದ್ದರೆ ಒಳ್ಳೆಯದು, ಅರ್ಧಕ್ಕಿಂತ ಹೆಚ್ಚು ಒಪ್ಪದೆ ಏನೂ ನಡೆಯದು. ಪ್ರತಿ ಮೂರು ಎಂಬುದೇ ಅದರ ಮೂಲ ಅಳತೆ. ಡಿಸ್ಕು ಶೇಕಡಾ 85 ತುಂಬಿದರೆ ಎಚ್ಚರಿಸುತ್ತದೆ, 95ಕ್ಕೆ ಬರೆಯುವುದನ್ನೇ ನಿಲ್ಲಿಸುತ್ತದೆ. ಗ್ಲಸ್ಟರಿನಲ್ಲಿ ಬ್ರಿಕ್ಕಿನೊಳಗೆ ಇಳಿದರೆ ಫೈಲು ಫೈಲಾಗಿಯೇ ಸಿಗುತ್ತಿತ್ತು, ಅವತ್ತು ಅಂಕಗಳು ಉಳಿದದ್ದೂ ಅದರಿಂದ. ಸೆಫ್‌ನಲ್ಲಿ ಸಿಗುವುದು ಚೂರುಗಳು. ಗಟ್ಟಿತನದಲ್ಲಿ ಸೆಫ್ ಮೇಲು, ಕೈಗೆ ಸಿಗುವುದರಲ್ಲಿ ಗ್ಲಸ್ಟರ್ ಮೇಲು. ನನಗೆ ಈಗಲೂ ಗ್ಲಸ್ಟರ್ ಮೇಲೆಯೇ ಪ್ರೀತಿ.

ಹೀಗೆ ಒಂದೆಡೆ ಕೂಡಿದ್ದು ಕಾಲೇಜಿನ ಫೈಲುಗಳಷ್ಟೇ ಅಲ್ಲ. ನಮ್ಮ ಜಿಲ್ಲೆಯ ಪಹಣಿಗಳೆಲ್ಲ ಸರ್ಕಾರದ ಭೂಮಿ ಯೋಜನೆಯಲ್ಲಿ ಮೊದಲು ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿದ್ದು, ಆಮೇಲೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿದವು. ಒಳ್ಳೆಯದೇ ಆಯಿತು, ಮೆಟ್ಟಿಲ ಕೆಳಗಿನ ಕೋಣೆಗಿಂತ ಅದು ಭದ್ರ. ಆದರೆ ಎರಡು ದಾಖಲೆ ಎರಡು ಮಾತು ಹೇಳಿದಾಗ ಯಾವುದು ಖರೆ ಎಂದು ಹೇಳಬಲ್ಲವರು ಹೆಚ್ಚಾಗಿ ಆ ಊರಿನವರೇ, ಆ ಕಾಗದದ ರಿಜಿಸ್ಟರ್ ಇಟ್ಟುಕೊಂಡವರೇ. ಕಂಪ್ಯೂಟರ್ ಬಂತೆಂದು ಅವರ ರಿಜಿಸ್ಟರನ್ನು ರದ್ದಿಗೆ ಹಾಕಿಸಬೇಡಿ. ನಿಮ್ಮೂರಿನ ಕಾಲೇಜು, ಸಹಕಾರಿ ಸಂಘ, ಗ್ರಂಥಾಲಯ ಯಾವುದೇ ಇರಲಿ, ‘ಎಲ್ಲಾ ಸೇಫ್ ಅದರಿ’ ಎಂದರೆ ಅಲ್ಲಿಗೇ ಬಿಡಬೇಡಿ. ಮೂರನೆಯ ಪ್ರತಿ ಎಲ್ಲಿದೆ ಎಂದು ಕೇಳಿ, ಅದನ್ನು ನಿಮ್ಮೆದುರು ತೆರೆದು ತೋರಿಸಲು ಹೇಳಿ.